ಚಿನ್ನ ಒಂದೇ, ಬಣ್ಣ ಯಾಕೆ ಹಲವು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಾತ ಅಕ್ಕಸಾಲಿ. ನಾನು ಓದಿದ್ದು ಭೂವಿಜ್ಞಾನ. ಹೀಗಾಗಿ ಮದುವೆಮನೆಗೆ ಊಟಕ್ಕೆ ಹೋದರೂ ಪಕ್ಕದಲ್ಲಿ ಕೂತವರು ಕೈಬಳೆ ತೋರಿಸಿ ಏನಾದರೂ ಕೇಳಿಯೇ ಕೇಳುತ್ತಾರೆ. ಕಾಗದ ಬರೆದು ಕೇಳಿದವರೂ ಇದ್ದಾರೆ. ತಿರುಗಾ ಮುರುಗಾ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಕೊನೆಗೆ.

## ಎಲ್ಲರೂ ಕೇಳುವಂಥವು

ಚಿನ್ನ ಅಂದ್ರೆ ಚಿನ್ನ ಅಲ್ವಾ? ಊರಿಂದ ಊರಿಗೆ ಬಣ್ಣ ಯಾಕೆ ಬದಲಾಗುತ್ತೆ?

ಅಪರಂಜಿಯ ಬಣ್ಣ ಎಲ್ಲಿಂದ ತಂದರೂ ಒಂದೇ. ಕೋಲಾರದ ಚಿನ್ನವನ್ನೂ ಆಸ್ಟ್ರೇಲಿಯಾದ ಚಿನ್ನವನ್ನೂ ಪೂರ್ತಿ ಚೊಕ್ಕ ಮಾಡಿ ಪಕ್ಕಪಕ್ಕ ಇಟ್ಟರೆ ಯಾವ ಅಕ್ಕಸಾಲಿಯೂ ಇದು ಅದು ಎಂದು ಹೇಳಲಾರ. ಆದರೆ ನೆಲದಿಂದ ಚಿನ್ನ ಹಾಗೆ ಚೊಕ್ಕವಾಗಿ ಬರುವುದಿಲ್ಲ. ಜೊತೆಗೆ ಬೆಳ್ಳಿ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಒಂದಿಷ್ಟು ತಾಮ್ರ, ಕೆಲವು ಕಡೆ ಪಾದರಸ, ಅಪರೂಪಕ್ಕೆ ಪಲೇಡಿಯಂ ಎಂಬ ಬೆಳ್ಳನೆಯ ಲೋಹ ಕೂಡ ಸೇರಿರುತ್ತವೆ. ಎಷ್ಟು ಸೇರಿದೆ ಅನ್ನುವುದು ಆ ಜಾಗದ ಬಂಡೆ, ಬಿಸಿ, ನೀರು ಇವುಗಳ ಮೇಲೆ ನಿಂತಿದೆ. ನಮ್ಮ ಕಣ್ಣಿಗೆ ಕಾಣುವ ವ್ಯತ್ಯಾಸವೆಲ್ಲ ಈ ಜೊತೆಗಾರರದ್ದು, ಚಿನ್ನದ್ದಲ್ಲ.

ಬೆಳ್ಳಿ ಸೇರಿದ್ರೆ ಯಾವ ಬಣ್ಣ, ತಾಮ್ರ ಸೇರಿದ್ರೆ ಯಾವ ಬಣ್ಣ?

ಬೆಳ್ಳಿ ಸೇರುತ್ತ ಹೋದಂತೆ ಹಳದಿ ತಿಳಿಯಾಗುತ್ತದೆ, ಆಮೇಲೆ ನಿಂಬೆಕಾಯಿಯ ಹಾಗೆ ಒಂದು ಹಸಿರು ಛಾಯೆ ಬರುತ್ತದೆ. ನೂರರಲ್ಲಿ 25 ಪಾಲು ಬೆಳ್ಳಿ ಇದ್ದರೆ ಆ ಹಸಿರು ಚೆನ್ನಾಗಿ ಗೊತ್ತಾಗುತ್ತದೆ. ಇನ್ನೂ ಜಾಸ್ತಿ ಆದರೆ ಬಿಳಿಚಿಕೊಂಡು ಬೆಳ್ಳಿಯಂತೆಯೇ ಕಾಣುತ್ತದೆ. ತಾಮ್ರ ಇದಕ್ಕೆ ಉಲ್ಟಾ. ಸ್ವಲ್ಪ ಸೇರಿದರೆ ಕಿತ್ತಳೆ, ಜಾಸ್ತಿ ಸೇರಿದರೆ ಕೆಂಪು.

ಒಂದು ವಿಷಯ ಇಲ್ಲಿ ಗಮನದಲ್ಲಿರಲಿ. ಗಣಿಯಿಂದ ಬರುವ ಸಹಜ ಚಿನ್ನದಲ್ಲಿ ತಾಮ್ರ ಸಾಮಾನ್ಯವಾಗಿ ಶೇ. 1 ಕೂಡ ಇರುವುದಿಲ್ಲ. ಬೆಳ್ಳಿ ಮಾತ್ರ ಶೇ. 5ರಿಂದ 20ರವರೆಗೆ ಇರುವುದು ಮಾಮೂಲು. ಹಾಗಾಗಿ ಭೂಮಿ ಕೊಡುವ ಚಿನ್ನ ಗಾಢ ಹಳದಿಯಿಂದ ಬಿಳಿಯ ಕಡೆಗೆ ಸರಿಯುತ್ತದೆ, ಕೆಂಪಿನ ಕಡೆಗೆ ಹೋಗುವುದು ಬಲು ಕಡಿಮೆ. ನೀವು ನೋಡಿದ ಕೆಂಪು ಚಿನ್ನದಲ್ಲಿ ಹೆಚ್ಚುಪಾಲು ಮನುಷ್ಯರ ಕೈಚಳಕ.

ಗಣಿಯೊಳಗೆ ಬೆಳ್ಳಿ ಬೆರೆಸಿದ್ದು ಯಾರು?

ಬಿಸಿನೀರು. ಭೂಮಿಯ ಆಳದಲ್ಲಿ ನೂರಾರು ಡಿಗ್ರಿ ಕಾದ, ಉಪ್ಪು ಗಂಧಕ ಕರಗಿಸಿಕೊಂಡ ನೀರು ಬಂಡೆಗಳಿಂದ ಚಿನ್ನ ಬೆಳ್ಳಿ ಎರಡನ್ನೂ ಹೊತ್ತುಕೊಂಡು ಬಿರುಕುಗಳಲ್ಲಿ ಮೇಲೇರುತ್ತದೆ. ಒತ್ತಡ ಇಳಿದಾಗ, ಬಿಸಿ ತಗ್ಗಿದಾಗ, ಇಲ್ಲವೇ ಸುತ್ತಲಿನ ಕಲ್ಲಿನ ಜೊತೆ ರಾಸಾಯನಿಕ ಕ್ರಿಯೆ ನಡೆದಾಗ ಹೊತ್ತು ತಂದದ್ದನ್ನು ಅಲ್ಲೇ ಬಿಡುತ್ತದೆ. ಚಿನ್ನದ ಪರಮಾಣುವೂ ಬೆಳ್ಳಿಯ ಪರಮಾಣುವೂ ಗಾತ್ರದಲ್ಲಿ ಹೆಚ್ಚುಕಡಿಮೆ ಸಮ. ಅದಕ್ಕೇ ಎರಡೂ ಹಾಲು ನೀರಿನಂತೆ ಎಷ್ಟಕ್ಕೆ ಎಷ್ಟು ಬೇಕಾದರೂ ಬೆರೆಯುತ್ತವೆ. ಬೆಳ್ಳಿ ಶೇ. 20 ದಾಟಿದ ಸಹಜ ಚಿನ್ನಕ್ಕೆ ಎಲೆಕ್ಟ್ರಮ್ ಎಂಬ ಬೇರೆ ಹೆಸರೇ ಇದೆ.

ವೈಟ್ ಗೋಲ್ಡ್ ಅಂತ ಮಾರ್ತಾರಲ್ಲ, ಅದು ಗಣಿಯಲ್ಲಿ ಸಿಗುತ್ತಾ?

ಇಲ್ಲ. ಪಲೇಡಿಯಂ ಅಥವಾ ನಿಕ್ಕಲ್ ಬೆರೆಸಿ ಚಿನ್ನವನ್ನು ಬೆಳ್ಳಗೆ ಮಾಡಿ, ಮೇಲೊಂದು ರೋಡಿಯಂ ಎಂಬ ಬಿಳಿ ಲೋಹದ ಲೇಪ ಕೊಟ್ಟಿರುತ್ತಾರೆ. ಲೇಪ ಸವೆದರೆ ಒಳಗಿನ ತಿಳಿ ಹಳದಿ ಇಣುಕುತ್ತದೆ.

## ಗಣಿ, ಹೊಳೆ

ಕೋಲಾರದ ಚಿನ್ನ, ಹಟ್ಟಿ ಚಿನ್ನ, ಬಣ್ಣ ನೋಡಿ ಬೇರೆ ಮಾಡಬಹುದಾ?

ಬರಿಗಣ್ಣಲ್ಲಿ ಕಷ್ಟ. ಎರಡೂ ಒಂದೇ ಜಾತಿಯವು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಕಪ್ಪು ಹಸಿರು ಬಂಡೆ, ಅದರೊಳಗೆ ಸೀಳಿಕೊಂಡು ಹೋದ ಬೆಣಚುಕಲ್ಲಿನ ಪಟ್ಟಿ, ಪಟ್ಟಿಯಲ್ಲಿ ಚಿನ್ನ. ಇಂಥ ಚಿನ್ನ ಹುಟ್ಟುವುದು ನೆಲದ ಕೆಳಗೆ ಹಲವಾರು ಕಿಲೋಮೀಟರ್ ಆಳದಲ್ಲಿ. ಅಲ್ಲಿಗೆ ಬರುವ ಬಿಸಿನೀರು ಬೆಳ್ಳಿಯನ್ನು ಅಷ್ಟಾಗಿ ತಂದು ಹಾಕುವುದಿಲ್ಲ. ಈ ಜಾತಿಯ ಗಣಿಗಳ ಚಿನ್ನ ಸಾಮಾನ್ಯವಾಗಿ ಶೇ. 90ರ ಆಚೆ ಈಚೆ ಇರುತ್ತದೆ, ಬಣ್ಣವೂ ಒಳ್ಳೆಯ ಹಳದಿ.

ಕೆಜಿಎಫ್‌ನಲ್ಲಿ 3 ಕಿಲೋಮೀಟರಿಗೂ ಕೆಳಗೆ ಇಳಿದು, 2001ರ ಫೆಬ್ರವರಿ 28ರಂದು ಬಾಗಿಲು ಹಾಕುವ ಹೊತ್ತಿಗೆ 800 ಟನ್ನಿಗೂ ಜಾಸ್ತಿ ಚಿನ್ನ ತೆಗೆದಿದ್ದರು. ಹಟ್ಟಿ ಈಗಲೂ ನಡೆಯುತ್ತಿದೆ. ರಾಯಚೂರು ಜಿಲ್ಲೆಯ ಆ ನೆಲದಲ್ಲಿ ಸುಮಾರು 2000 ವರ್ಷ ಹಿಂದೆಯೇ ಜನ ಗಣಿ ತೋಡಿದ್ದರೆಂದು ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳು ಹೇಳುತ್ತವೆ. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದೂ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದು. ಚಿನ್ನ ಹುಡುಕುವವರ ಕಣ್ಣಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು ನೋಡಿ.

ಯಾವ ದೇಶದ ಚಿನ್ನ ಜಾಸ್ತಿ ಹಳದಿ, ಯಾವುದು ಬಿಳಿಚಿಕೊಂಡಿರುತ್ತೆ?

ದೇಶದ ಗಡಿಗೂ ಬಣ್ಣಕ್ಕೂ ಸಂಬಂಧವಿಲ್ಲ. ಚಿನ್ನ ಎಷ್ಟು ಆಳದಲ್ಲಿ, ಎಂಥ ಬಂಡೆಯಲ್ಲಿ ಹುಟ್ಟಿತು ಅನ್ನುವುದೇ ಮುಖ್ಯ. ಜ್ವಾಲಾಮುಖಿಗಳ ಬುಡದಲ್ಲಿ, ನೆಲಕ್ಕೆ ಹತ್ತಿರದಲ್ಲೇ ಕೂತ ಚಿನ್ನಕ್ಕೆ ಬೆಳ್ಳಿ ಜಾಸ್ತಿ. ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಇದಕ್ಕೆ ಹೆಸರುವಾಸಿ. ಅಲ್ಲಿನ ಚಿನ್ನದಲ್ಲಿ ಕಾಲುಭಾಗದಷ್ಟು ಬೆಳ್ಳಿ ಇರುವುದು ಹೊಸತೇನಲ್ಲ, ನೋಡಲು ತೆಳು ಹಳದಿ. ಇನ್ನೊಂದು ತುದಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮೌಂಟ್ ಮಾರ್ಗನ್. ಅಲ್ಲಿ ಸಿಕ್ಕ ಚಿನ್ನ ಹುಟ್ಟಿನಿಂದಲೇ ಶೇ. 99ಕ್ಕೂ ಮೇಲೆ ಚೊಕ್ಕ. ಕ್ಯಾಲಿಫೋರ್ನಿಯಾದ್ದು ನಡುವೆ, ಸರಾಸರಿ ಶೇ. 88ರ ಹತ್ತಿರ.

ಬಿಳಿಚಿದ ಚಿನ್ನದ ಒಳ್ಳೆಯ ಕಥೆ ಅಮೆರಿಕದ ನೆವಾಡಾದ್ದು. 1850ರ ದಶಕದಲ್ಲಿ ಅಲ್ಲಿನ ಕಣಿವೆಗಳಲ್ಲಿ ಮರಳು ತೊಳೆಯುತ್ತಿದ್ದವರಿಗೆ ಸಿಗುತ್ತಿದ್ದ ಚಿನ್ನಕ್ಕೆ ಕ್ಯಾಲಿಫೋರ್ನಿಯಾದ ಚಿನ್ನದಷ್ಟು ಬೆಲೆ ಬರುತ್ತಿರಲಿಲ್ಲ. ತೆಳು ಬಣ್ಣ, ಬೆಳ್ಳಿ ಜಾಸ್ತಿ ಎಂದು ವ್ಯಾಪಾರಿಗಳು ಮೂಗು ಮುರಿಯುತ್ತಿದ್ದರು. ಜೊತೆಗೆ ತಟ್ಟೆಗೆ ಅಂಟುವ ಕಪ್ಪು ನೀಲಿ ಕೆಸರಿನ ಕಾಟ ಬೇರೆ. ಬೈಯುತ್ತಲೇ ಅದನ್ನು ಎಸೆಯುತ್ತಿದ್ದರು. 1859ರಲ್ಲಿ ಆ ಕೆಸರನ್ನು ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಅದು ಬೆಳ್ಳಿಯ ಅದಿರು. ಅದೇ ಮುಂದೆ ಪ್ರಸಿದ್ಧವಾದ ಕಾಮ್‌ಸ್ಟಾಕ್ ಗಣಿ. ಚಿನ್ನದ ಬಣ್ಣ ವರ್ಷಗಟ್ಟಲೆ ಕೂಗಿ ಹೇಳುತ್ತಿತ್ತು, ಕೇಳಿಸಿಕೊಂಡವರಿರಲಿಲ್ಲ.

ಒಂದೇ ಗಣಿಯಲ್ಲೂ ಬಣ್ಣ ಬೇರೆ ಬೇರೆ ಇರುತ್ತಂತೆ, ನಿಜವಾ?

ನಿಜ. ಒಂದೇ ಬಿರುಕಿಗೆ ಬಿಸಿನೀರು ಲಕ್ಷಾಂತರ ವರ್ಷಗಳಲ್ಲಿ ಹಲವು ಸಲ ಬಂದು ಹೋಗಿರುತ್ತದೆ. ಪ್ರತಿ ಸಲವೂ ಬೆಳ್ಳಿಯ ಪಾಲು ಬೇರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೇ ಕಾಳಿನೊಳಗೆ ಗಾಢ, ತೆಳು ಎರಡೂ ಪದರ ಕಾಣುವುದುಂಟು.

ಹೊಳೆ ಮರಳಿನ ಚಿನ್ನ ಗಣಿ ಚಿನ್ನಕ್ಕಿಂತ ಚೊಕ್ಕ ಅಂತಾರೆ. ಹೊಳೆ ನೀರು ಚಿನ್ನ ತೊಳೆಯುತ್ತಾ?

ಒಂದು ರೀತಿಯಲ್ಲಿ ಹೌದು. ಬಂಡೆಯಿಂದ ಬಿಡಿಸಿಕೊಂಡ ಚಿನ್ನದ ಕಾಳು ಹೊಳೆಯಲ್ಲಿ ಸಾವಿರಾರು ವರ್ಷ ಉರುಳುವಾಗ ಮೇಲ್ಮೈಯಲ್ಲಿದ್ದ ಬೆಳ್ಳಿ ನಿಧಾನವಾಗಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಚಿನ್ನ ಅಲ್ಲೇ ಉಳಿಯುತ್ತದೆ. ಹಾಗಾಗಿ ಕಾಳಿನ ಹೊರಸಿಪ್ಪೆ ಅಪರಂಜಿಗೆ ಹತ್ತಿರ, ಒಳತಿರುಳು ಹುಟ್ಟಿದಾಗ ಇದ್ದಷ್ಟೇ. ಎರಡು ತುಂಡು ಮಾಡಿ ನೋಡಿದರೆ ಮೊಟ್ಟೆಯ ಹಾಗೆ, ಹೊರಗೊಂದು ಬಣ್ಣ ಒಳಗೊಂದು ಬಣ್ಣ. ಕಾಳು ಚಿಕ್ಕದಾದಷ್ಟೂ ಸಿಪ್ಪೆಯ ಪಾಲು ಜಾಸ್ತಿ. ಗಣಿಯಿಂದ ದೂರ ಹರಿದ ಸಣ್ಣ ಪುಡಿಚಿನ್ನ ಹೆಚ್ಚು ಹಳದಿಯಾಗಿರುವುದು ಇದಕ್ಕೇ.

ನಮ್ಮಲ್ಲೂ ಹೊಳೆಚಿನ್ನ ತೆಗೆಯುವವರಿದ್ದರು. ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ, ಸೊರಟೂರು, ಡೋಣಿ, ಡಂಬಳದ ಸುತ್ತಮುತ್ತ ಜಲಗಾರರು ಮಳೆ ಬಂದು ಹೋದ ಮೇಲೆ ಮರಳು ತೊಳೆಯುತ್ತಿದ್ದರು. ಕೆಲಸ ನೋಡಲು ಸರಳ. ಅಕ್ಕಿಯಲ್ಲಿನ ಕಲ್ಲು ಗಾಳಿಸುವ ಹಾಗೆ ಮರದ ಮರಿಗೆಯಲ್ಲಿ ಮರಳು, ನೀರು ಹಾಕಿ ತಿರುಗಿಸುತ್ತ ಹಗುರಾದದ್ದನ್ನು ಚೆಲ್ಲುತ್ತ ಹೋಗುವುದು. ಕೊನೆಗೆ ತಳದಲ್ಲಿ ಕಪ್ಪು ಮರಳಿನ ಒಂದು ಗೆರೆ ಉಳಿಯುತ್ತದೆ. ಅದರ ಬಾಲದಲ್ಲಿ, ಅದೃಷ್ಟ ಇದ್ದರೆ, ಸಾಸಿವೆ ಸಿಪ್ಪೆಯಷ್ಟು ಹಳದಿ. ಆ ಕಪ್ಪಿನ ಪಕ್ಕ ಹಳದಿ ಹೇಗೆ ಎದ್ದು ಕಾಣುತ್ತದೆ ಅಂದರೆ, ಒಮ್ಮೆ ನೋಡಿದವರಿಗೆ ಮತ್ತೆ ಗುರುತು ತಪ್ಪುವುದಿಲ್ಲ.

ಮರಳಲ್ಲಿ ಹೊಳೆಯೋದು ಚಿನ್ನವೋ ಕಾಗೆ ಬಂಗಾರವೋ ಹೇಗೆ ತಿಳಿಯೋದು?

ಕೈ ತಿರುಗಿಸಿ ನೆರಳಿಗೆ ಹಿಡಿಯಿರಿ. ಕಾಗೆ ಬಂಗಾರ, ಅಂದರೆ ಅಭ್ರಕ, ಬಿಸಿಲಿಗೆ ಮಿಂಚಿ ನೆರಳಲ್ಲಿ ಸಪ್ಪಗಾಗುತ್ತದೆ. ಚಿನ್ನ ನೆರಳಲ್ಲೂ ಅದೇ ಹಳದಿ. ಗುಂಡುಸೂಜಿಯಿಂದ ಒತ್ತಿದರೆ ಅಭ್ರಕ ಪದರ ಪದರವಾಗಿ ಏಳುತ್ತದೆ, ಚಿನ್ನದ ಹಾಗೆಯೇ ಕಾಣುವ ಪೈರೈಟ್ ಎಂಬ ಖನಿಜ ಚೂರಾಗುತ್ತದೆ, ಚಿನ್ನ ಮಾತ್ರ ತಗ್ಗು ಬೀಳುತ್ತದೆ.

ಬ್ರೆಜಿಲ್‌ನಲ್ಲಿ ಕಪ್ಪು ಚಿನ್ನ ಸಿಗುತ್ತೆ ಅಂತ ಓದಿದೆ. ಹೌದಾ?

ಹೊರಗೆ ಕಪ್ಪು, ಒಳಗೆ ಚಿನ್ನವೇ. ಮಿನಾಸ್ ಜೆರೈಸ್ ಪ್ರಾಂತ್ಯದಲ್ಲಿ ಔರೊ ಪ್ರೆಟೊ ಎಂಬ ಊರೇ ಇದೆ. ಹೆಸರಿನ ಅರ್ಥ ಕಪ್ಪು ಚಿನ್ನ. ಅಲ್ಲಿನ ತೊರೆಯಲ್ಲಿ ಸಿಕ್ಕ ಕಾಳುಗಳ ಮೇಲೆ ಕಪ್ಪು ಲೋಹದ ಆಕ್ಸೈಡಿನ ತೆಳು ಪೊರೆ. ಒಳಗಿನ ಚಿನ್ನದಲ್ಲಿ ಪಲೇಡಿಯಂ ಬೆರೆತಿದೆ. ಅಲ್ಲಿಗೆ ಹತ್ತಿರದಲ್ಲೇ ಔರೊ ಬ್ರಾಂಕೊ, ಅಂದರೆ ಬಿಳಿ ಚಿನ್ನ ಎಂಬ ಇನ್ನೊಂದು ಊರು. ಪಲೇಡಿಯಂ ಚಿನ್ನವನ್ನು ಬೆಳ್ಳಿಗಿಂತ ಬೇಗ ಬಿಳಿಚಿಸುತ್ತದೆ. ಬಣ್ಣ ನೋಡಿ ಊರಿಗೆ ಹೆಸರಿಟ್ಟ ಜನ ಅವರು.

ವೇಲ್ಸ್ ದೇಶದ ಚಿನ್ನ ಹುಟ್ಟಿನಿಂದಲೇ ಗುಲಾಬಿ ಬಣ್ಣ ಅಂತಾರಲ್ಲ?

1923ರಿಂದ ಬ್ರಿಟನ್ನಿನ ರಾಜಮನೆತನದ ಮದುವೆ ಉಂಗುರಗಳಿಗೆ ವೇಲ್ಸ್ ಚಿನ್ನ ಬಳಸುವ ರೂಢಿ ಇದೆ, ಅದರಿಂದ ಈ ಮಾತಿಗೆ ರೆಕ್ಕೆಪುಕ್ಕ ಬಂತು. ಆದರೆ ಗುಲಾಬಿ ಬಣ್ಣ ಬರಬೇಕಾದರೆ ತಾಮ್ರ ಹೇರಳವಾಗಿ ಬೇಕು. 18 ಕ್ಯಾರೆಟ್ ಗುಲಾಬಿ ಚಿನ್ನದಲ್ಲಿ ಶೇ. 20ಕ್ಕೂ ಮೇಲೆ ತಾಮ್ರ ಇರುತ್ತದೆ. ಅಷ್ಟು ತಾಮ್ರ ಹಾಕುವುದು ಒಡವೆ ಮಾಡುವವರು, ಗಣಿಯಲ್ಲ.

ಚಿನ್ನ ಇದ್ದೂ ಚಿನ್ನದ ಬಣ್ಣವೇ ಇಲ್ಲದ ಅದಿರು ಇರುತ್ತಾ?

ಇರುತ್ತದೆ, ಇದು ನನಗೆ ಇಷ್ಟವಾದ ಪ್ರಶ್ನೆ. ಟೆಲ್ಯೂರಿಯಂ ಎಂಬ ಧಾತುವಿನ ಜೊತೆ ಚಿನ್ನ ರಾಸಾಯನಿಕವಾಗಿ ಕೂಡಿಕೊಂಡರೆ ಕ್ಯಾಲವರೈಟ್ ಎಂಬ ಖನಿಜವಾಗುತ್ತದೆ. ತೂಕದಲ್ಲಿ ಶೇ. 43ರಷ್ಟು ಚಿನ್ನವೇ, ಆದರೆ ನೋಡಲು ಬೆಳ್ಳಗಿನ ಹಿತ್ತಾಳೆ. ಪಶ್ಚಿಮ ಆಸ್ಟ್ರೇಲಿಯಾದ ಕಾಲ್‌ಗೂರ್ಲಿಯಲ್ಲಿ 1893ರಲ್ಲಿ ಚಿನ್ನ ಸಿಕ್ಕಿತು. ಅದಾಗಿ ಮೂರು ವರ್ಷದ ಮೇಲಷ್ಟೇ ಈ ಜಾತಿಯ ಅದಿರನ್ನು ಗುರುತಿಸಿದ್ದು. ಒಂದು ಚೂರನ್ನು ಕೆಂಡದ ಮೇಲಿಟ್ಟು ಊದಿದರೆ ಟೆಲ್ಯೂರಿಯಂ ಹೊಗೆಯಾಗಿ ಹೋಗಿ, ಮೇಲೆ ಬೆವರಿನ ಹನಿಗಳ ಹಾಗೆ ಹಳದಿ ಚಿನ್ನ ಮೂಡುತ್ತದೆ. ಹಟ್ಟಿಯಲ್ಲೂ ಒಂದಿಷ್ಟು ಚಿನ್ನ ಬೂದು ಬಣ್ಣದ ಆರ್ಸೆನಿಕ್ ಖನಿಜದೊಳಗೆ ಅಡಗಿ ಕೂತಿರುತ್ತದೆ, ಹೊರಗೆ ಸುಳಿವೂ ಕೊಡುವುದಿಲ್ಲ.

## ಮನೆ, ಅಂಗಡಿ

ದುಬೈ ಚಿನ್ನ ಹಳದಿ, ನಮ್ಮಜ್ಜಿ ಸರ ಕೆಂಪು. ಎರಡೂ 22 ಕ್ಯಾರೆಟ್ ಅಂತಾರೆ. ಯಾರು ಮೋಸ ಮಾಡಿದ್ದು?

ಯಾರೂ ಮಾಡಿರಬೇಕಿಲ್ಲ. 22 ಕ್ಯಾರೆಟ್ ಅಂದರೆ ನೂರರಲ್ಲಿ 91.6 ಚಿನ್ನ. ಮಿಕ್ಕ ಎಂಟು ಚಿಲ್ಲರೆ ಏನು ಅನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅಲ್ಲಿ ಬರೀ ತಾಮ್ರ ಹಾಕಿದರೆ ಕೆಂಪು, ಬೆಳ್ಳಿ ಜಾಸ್ತಿ ಹಾಕಿದರೆ ತಿಳಿಹಳದಿ. ಹಳೆಯ ಅಕ್ಕಸಾಲಿಗಳು ಹೆಚ್ಚಾಗಿ ತಾಮ್ರವನ್ನೇ ಹಾಕುತ್ತಿದ್ದರು. ಗಟ್ಟಿತನ ಬರುತ್ತದೆ, ಖರ್ಚೂ ಕಡಿಮೆ. ಈಗಿನ ಕಾರ್ಖಾನೆ ಒಡವೆಗಳಿಗೆ ಬೆಳ್ಳಿ, ಸತು, ತಾಮ್ರ ಹದವಾಗಿ ಬೆರೆಸುತ್ತಾರೆ.

ನಂಬಿಕೆ ಬರದಿದ್ದರೆ ಎರಡು ನಾಣ್ಯ ನೋಡಿ. ದಕ್ಷಿಣ ಆಫ್ರಿಕಾದ ಕ್ರೂಗರ್‌ರಾಂಡ್, ಅಮೆರಿಕದ ಈಗಲ್. ಎರಡೂ 22 ಕ್ಯಾರೆಟ್, ಎರಡೂ 33.93 ಗ್ರಾಂ, ಎರಡರಲ್ಲೂ 31.1 ಗ್ರಾಂ ಚಿನ್ನ. ಕ್ರೂಗರ್‌ರಾಂಡಿನ ಮಿಕ್ಕ ಪಾಲು ಪೂರ್ತಿ ತಾಮ್ರ, ಅದು ಕೆಂಪಗೆ. ಈಗಲ್‌ನಲ್ಲಿ ಶೇ. 3 ಬೆಳ್ಳಿ, ಉಳಿದದ್ದು ತಾಮ್ರ, ಅದು ಹಳದಿ. ಕೇವಲ ಮೂರು ಪಾಲು ಬೆಳ್ಳಿ ಮಾಡಿದ ಕೆಲಸ. ದುಬೈನಲ್ಲಿ ಚಿನ್ನದ ಗಣಿಯೇ ಇಲ್ಲ ಅನ್ನುವುದನ್ನೂ ಸುಮ್ನೆ ನೆನಪಿಸುತ್ತೇನೆ.

ಅಂಗಡಿಯಲ್ಲಿ ಬಣ್ಣ ನೋಡಿ ಚೌಕಾಸಿಗೆ ಇಳಿಯಬೇಡಿ. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು, 916 ಸಂಖ್ಯೆ, ಆರು ಅಕ್ಷರ ಅಂಕಿಗಳ ಹಾಲ್‌ಮಾರ್ಕ್ ಕೋಡ್, ಈ ಮೂರನ್ನು ಭೂತಗನ್ನಡಿಯಲ್ಲಿ ನೋಡಿ.

ಹಳೇ ಆಚಾರ್ರು ಕಲ್ಲಿಗೆ ಉಜ್ಜಿ ಬಣ್ಣ ನೋಡಿ ಹೇಳ್ತಿದ್ರು. ಅದು ನಿಜಕ್ಕೂ ಆಗೋ ಕೆಲಸವಾ?

ಆಗುವ ಕೆಲಸ, ಆದರೆ ಬರೀ ಬಣ್ಣದಿಂದಲ್ಲ. ತಾತನ ಒರೆಗಲ್ಲು ಅಂಗೈ ಅಗಲದ್ದು, ಕಪ್ಪು, ಕೊಬ್ಬರಿ ಎಣ್ಣೆ ಸವರಿ ಒರೆಸಿ ಇಟ್ಟಿರುತ್ತಿದ್ದರು. ಬಂದ ಒಡವೆಯಿಂದ ಒಂದು ಗೆರೆ. ಪಕ್ಕದಲ್ಲೇ ಗುಣ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ. ಎರಡನ್ನೂ ಕಿಟಕಿ ಬೆಳಕಿಗೆ ಓರೆ ಹಿಡಿದು ನೋಡುವರು, ಬಿಸಿಲಲ್ಲಿ ಅಲ್ಲ. ಆಮೇಲೆ ಗಾಜಿನ ಕಡ್ಡಿಯಲ್ಲಿ ಒಂದು ತೊಟ್ಟು ಆಸಿಡ್. ಕಡಿಮೆ ಚಿನ್ನವಿದ್ದ ಗೆರೆ ಮಂಕಾಗುತ್ತಿತ್ತು, ಒಳ್ಳೆಯದು ಹಾಗೇ ನಿಲ್ಲುತ್ತಿತ್ತು.

ಅವರ ಹತ್ತಿರ ಕಡ್ಡಿಗಳ ಎರಡು ಕಟ್ಟು ಇದ್ದವು, ತಾಮ್ರ ಬೆರೆಸಿದವು ಒಂದು, ಬೆಳ್ಳಿ ಬೆರೆಸಿದವು ಒಂದು. ಕೆಂಪು ಗೆರೆಯನ್ನು ಕೆಂಪು ಕಡ್ಡಿಯ ಜೊತೆಗೇ ಹೋಲಿಸಬೇಕು. ಇಲ್ಲದಿದ್ದರೆ ಕೆಂಪು ಕಂಡದ್ದೆಲ್ಲ ಕಳಪೆ, ಹಳದಿ ಕಂಡದ್ದೆಲ್ಲ ಒಳ್ಳೇದು ಅನ್ನಿಸಿಬಿಡುತ್ತದೆ. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಎಂಬ ಗಾದೆಯನ್ನು ಯಾರಾದರೂ ಅವರ ಮುಂದೆ ಆಡಿದರೆ ನಗುತ್ತಿದ್ದರು. ಅಕ್ಕನ ಚಿನ್ನವನ್ನೂ ಒರೆ ಹಚ್ಚಿ ನೋಡದೆ ಬಿಡಬಾರದು, ಅದೇ ಅರ್ಥ ಅನ್ನುವುದು ಅವರ ವಾದ.

ಉಂಗುರ ಇದ್ದಕ್ಕಿದ್ದ ಹಾಗೆ ಬೆಳ್ಳಗಾಯ್ತು. ಚಿನ್ನ ಕೆಟ್ಟಿತಾ?

ಪಾದರಸ ತಗುಲಿರಬೇಕು. ಕಾಲೇಜಿನಲ್ಲಿ ಥರ್ಮಾಮೀಟರ್ ಒಡೆದಾಗ ಹನಿಗಳನ್ನು ಬೆರಳಲ್ಲಿ ಒಟ್ಟುಮಾಡಲು ಹೋಗಿ ನಾನೂ ಈ ಪೆದ್ದ ಕೆಲಸ ಮಾಡಿದ್ದೆ. ಕ್ಷಣದಲ್ಲಿ ಅಮ್ಮ ಕೊಟ್ಟ ಉಂಗುರದ ಅರ್ಧ ಬೆಳ್ಳಿಯಂತಾಯಿತು. ಪಾದರಸ ಚಿನ್ನದೊಳಗೆ ಇಳಿದು ಬೆಳ್ಳಗಿನ ಮಿಶ್ರಣವಾಗುತ್ತದೆ. ಕಾಯಿಸಿದರೆ ಪಾದರಸ ಹಾರಿಹೋಗಿ ಹಳದಿ ಮರಳುತ್ತದೆ, ಆದರೆ ಆ ಹಬೆ ವಿಷ. ಮನೆಯ ಒಲೆಯ ಮೇಲೆ ಖಂಡಿತ ಬೇಡ, ತಿಳಿದವರ ಕೈಗೆ ಕೊಡಿ.

ಗಿನಿ ಚಿನ್ನ, ಪವನು, ಇವು ಊರಿನ ಹೆಸರುಗಳಾ?

ಗಿನಿ ಹೌದು. ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಯಿಂದ ಬಂದ ಚಿನ್ನದಲ್ಲಿ ಇಂಗ್ಲೆಂಡಿನವರು 1663ರಲ್ಲಿ ನಾಣ್ಯ ಹೊಡೆಸಿದರು, ಅದೇ ಗಿನಿ. ಆಮೇಲೆ ಎಲ್ಲಿಯ ಚಿನ್ನವಾದರೂ 22 ಕ್ಯಾರೆಟ್ ಇದ್ದರೆ ನಮ್ಮವರು ಗಿನಿ ಚಿನ್ನ ಅನ್ನತೊಡಗಿದರು. ಪವನು ಊರಿನ ಹೆಸರಲ್ಲ, ಸವರನ್ ಎಂಬ ಬ್ರಿಟಿಷ್ ಚಿನ್ನದ ನಾಣ್ಯದ ತೂಕ. ನಾಣ್ಯ 7.98 ಗ್ರಾಂ ಇತ್ತು, ಕರಾವಳಿಯಲ್ಲಿ ಈಗ ಲೆಕ್ಕಕ್ಕೆ 8 ಗ್ರಾಂ ಹಿಡಿಯುತ್ತಾರೆ.

ಸವರನ್‌ನ ಬಣ್ಣದಲ್ಲೂ ಊರಿನ ಗುರುತು ಕಂಡ ಕಾಲವೊಂದಿತ್ತು. 1855ರಲ್ಲಿ ಸಿಡ್ನಿ ಟಂಕಸಾಲೆ ಶುರುವಾದಾಗ ಅಲ್ಲಿನ ನಾಣ್ಯಕ್ಕೆ ತಾಮ್ರದ ಬದಲು ಬೆಳ್ಳಿ ಬೆರೆಯುತ್ತಿತ್ತು. ಆಸ್ಟ್ರೇಲಿಯಾದ ಚಿನ್ನದಲ್ಲಿ ಮೊದಲೇ ಇದ್ದ ಬೆಳ್ಳಿಯನ್ನು ಅಗ್ಗವಾಗಿ ತೆಗೆಯುವ ದಾರಿ ಆಗ ಇರಲಿಲ್ಲ. ಹಾಗಾಗಿ ಸಿಡ್ನಿಯ ಮೊದಮೊದಲ ಸವರನ್ ಲಂಡನ್ನಿನದಕ್ಕಿಂತ ತಿಳಿ ಹಳದಿ. ಅದೇ ಟಂಕಸಾಲೆಯ ಫ್ರಾನ್ಸಿಸ್ ಮಿಲ್ಲರ್ 1867ರಲ್ಲಿ ಕರಗಿದ ಚಿನ್ನದೊಳಗೆ ಕ್ಲೋರಿನ್ ಅನಿಲ ಹಾಯಿಸಿ ಬೆಳ್ಳಿ ಬೇರ್ಪಡಿಸುವ ವಿಧಾನ ಕಂಡುಹಿಡಿದ. ಇಂದಿಗೂ ಶುದ್ಧೀಕರಣ ಕಾರ್ಖಾನೆಗಳಲ್ಲಿ ಅದು ನಡೆಯುತ್ತಿದೆ.

## ಹಿಂದಿನವರ ಲೆಕ್ಕ

ನಮ್ಮ ಪೂರ್ವಿಕರಿಗೆ ಇದೆಲ್ಲ ಗೊತ್ತಿತ್ತಾ, ಇಲ್ಲ ಈಗಿನ ವಿಜ್ಞಾನವಾ?

ಚೆನ್ನಾಗಿಯೇ ಗೊತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರ ಚಿನ್ನವನ್ನು ಹುಟ್ಟಿದ ಜಾಗದ ಮೇಲೇ ವಿಂಗಡಿಸುತ್ತದೆ. ಜಾಂಬೂನದ, ಶಾತಕುಂಭ, ಹಾಟಕ, ವೈಣವ ಎಂದು ಒಂದೊಂದು ನದಿ, ಬೆಟ್ಟ, ಗಣಿಯ ಹೆಸರು. ಕೂಡಲೇ ಬಣ್ಣದ ಮಾತು. ತಾವರೆಯ ಕೇಸರದ ಬಣ್ಣ, ಮೆತ್ತಗೆ, ನುಣ್ಣಗೆ, ತಟ್ಟಿದರೆ ಸದ್ದು ಮಾಡದ್ದು ಶ್ರೇಷ್ಠ. ಕೆಂಪು ಮಿಶ್ರಿತ ಹಳದಿ ಮಧ್ಯಮ. ಕೆಂಪು ಕೀಳು. ಬಿಳಿಚಿದ್ದು ಇನ್ನೂ ಶುದ್ಧವಾಗದ್ದು, ಅದನ್ನು ಕಲಬೆರಕೆಯ ನಾಲ್ಕರಷ್ಟು ಸೀಸ ಹಾಕಿ ಕಾಯಿಸಬೇಕು ಅನ್ನುತ್ತದೆ. ಚಿನ್ನದ ಗುಣಕ್ಕೆ ಅಲ್ಲಿರುವ ಅಳತೆಯ ಹೆಸರೇ ವರ್ಣಕ, ಹದಿನಾರು ವರ್ಣಕವಾದರೆ ಪೂರ್ಣ.

ಅಕ್ಬರನ ಕಾಲಕ್ಕೂ ಅದೇ ಲೆಕ್ಕ. ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಇರಾನಿನವರು ಚಿನ್ನಕ್ಕೆ ಹತ್ತೇ ಮಟ್ಟ ಎಣಿಸುತ್ತಾರೆ, ಇಲ್ಲಿ ಹನ್ನೆರಡು ಬಾನ್ ಎಂದು ಬರೆಯುತ್ತಾನೆ. ಬಾನ್ ಅಂದರೆ ವರ್ಣವೇ, ನಮ್ಮ ಬಣ್ಣ. ಕ್ಯಾರೆಟ್ ಬರುವ ಮುಂಚೆ ಈ ನಾಡಿನಲ್ಲಿ ಚಿನ್ನವನ್ನು ಅಳೆದದ್ದು ಬಣ್ಣದಲ್ಲಿ.

ಮೊದಲ ನಾಣ್ಯ ಬಿಳಿ ಚಿನ್ನದ್ದು ಅಂತಾರೆ?

ಈಗಿನ ಟರ್ಕಿಯ ಪಶ್ಚಿಮಕ್ಕಿದ್ದ ಲಿಡಿಯಾ ರಾಜ್ಯದಲ್ಲಿ ಪ್ಯಾಕ್ಟೋಲಸ್ ಎಂಬ ಹೊಳೆ. ಅಲ್ಲಿ ಎಲೆಕ್ಟ್ರಮ್ ಸಿಗುತ್ತಿತ್ತು. ಕ್ರಿಸ್ತಪೂರ್ವ 7ನೇ ಶತಮಾನದ ಹೊತ್ತಿಗೆ ಅದರಲ್ಲೇ ನಾಣ್ಯ ಹೊಡೆದರು. ತೊಂದರೆ ಏನೆಂದರೆ, ಒಂದೊಂದು ತುಂಡಿನಲ್ಲೂ ಬೆಳ್ಳಿ ಬೇರೆ ಬೇರೆ. ಬೆಲೆ ಹೇಗೆ ಕಟ್ಟುವುದು? ಕ್ರಿಸ್ತಪೂರ್ವ 6ನೇ ಶತಮಾನದ ಕ್ರೀಸಸ್ ದೊರೆಯ ಕಾಲದಲ್ಲಿ ಚಿನ್ನ ಬೆಳ್ಳಿ ಬೇರೆ ಮಾಡಿ ಎರಡು ಬಗೆಯ ನಾಣ್ಯ ತಂದರು. ಆ ಶುದ್ಧೀಕರಣದ ಒಲೆಗಳು ಸಾರ್ಡಿಸ್ ನಗರದಲ್ಲಿ 1960ರ ದಶಕದ ಉತ್ಖನನದಲ್ಲಿ ಸಿಕ್ಕಿವೆ. ವಿಧಾನ ಸೊಗಸಾದದ್ದು. ತೆಳು ತಗಡು ಮಾಡಿದ ಚಿನ್ನವನ್ನು ಉಪ್ಪಿನಲ್ಲಿ ಹೂತು ಮಡಕೆಯಲ್ಲಿಟ್ಟು ಗಂಟೆಗಟ್ಟಲೆ ಕಾಯಿಸುವುದು. ಬೆಳ್ಳಿ ಉಪ್ಪಿನ ಜೊತೆ ಕೂಡಿ ಮಡಕೆಯ ಮಣ್ಣಿಗೆ ಇಳಿಯುತ್ತದೆ, ಒಳಗೆ ಹಳದಿ ಚಿನ್ನ.

ಮೊಹೆಂಜೊದಾರೊ ಒಡವೆ ಚಿನ್ನ ಕೋಲಾರದ್ದು ಅನ್ನೋದು ಖಚಿತವಾ?

ಖಚಿತ ಅಲ್ಲ. ಅಲ್ಲಿ ಸಿಕ್ಕ ಒಡವೆಗಳಲ್ಲಿ ಕೆಲವು ತೆಳು ಬಣ್ಣದವು, ಬೆಳ್ಳಿ ಬೆರೆತವು. ಕೋಲಾರದ ಚಿನ್ನದಲ್ಲೂ ಬೆಳ್ಳಿ ಇದೆ, ಹಾಗಾಗಿ ಅಲ್ಲಿಂದಲೇ ಹೋಗಿರಬೇಕು ಎಂದು 20ನೇ ಶತಮಾನದ ಮೊದಲ ಭಾಗದ ವಿದ್ವಾಂಸರು ವಾದಿಸಿದರು. ಕೇಳಲು ಹೆಮ್ಮೆ ಅನ್ನಿಸುತ್ತದೆ, ನನಗೂ. ಆದರೆ ಬೆಳ್ಳಿ ಬೆರೆತ ಚಿನ್ನ ಜಗತ್ತಿನ ತುಂಬ ಇದೆ, ಸಿಂಧೂ ನದಿಯ ಮೇಲ್ಭಾಗದಲ್ಲೂ ಮರಳುಚಿನ್ನ ಸಿಗುತ್ತದೆ. ಬೆಳ್ಳಿ ಒಂದನ್ನೇ ಹಿಡಿದು ಊರು ಹೇಳುವುದು, ಬೆಳ್ಳಗಿರುವುದೆಲ್ಲ ಹಾಲು ಅಂದ ಹಾಗೆ.

## ಇನ್ನೂ ಆಳಕ್ಕೆ

ಬೆಳ್ಳಿ, ಸೀಸ, ತವರ ಎಲ್ಲ ಬೆಳ್ಳಗಿವೆ. ಚಿನ್ನ ಮಾತ್ರ ಹಳದಿ ಯಾಕೆ?

ಐನ್‌ಸ್ಟೈನ್ ಬರುತ್ತಾರೆ, ಹೆದರಬೇಡಿ. ಚಿನ್ನದ ಪರಮಾಣುವಿನ ನಡುವೆ 79 ಪ್ರೋಟಾನ್. ಆ ಸೆಳೆತಕ್ಕೆ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕೂ ಮೀರಿ ಓಡುತ್ತವೆ. ಅಷ್ಟು ವೇಗದಲ್ಲಿ ಸಾಪೇಕ್ಷತೆಯ ನಿಯಮ ಕೆಲಸ ಮಾಡಿ ಎಲೆಕ್ಟ್ರಾನುಗಳ ಕೆಲವು ಕಕ್ಷೆಗಳು ಒಳಗೆ ಕುಗ್ಗುತ್ತವೆ, ಕೆಲವು ಹೊರಗೆ ಸರಿಯುತ್ತವೆ. ಎರಡು ಮಟ್ಟಗಳ ನಡುವಿನ ಅಂತರ ಕಡಿಮೆಯಾಗಿ ನೀಲಿ ಬೆಳಕಿನ ಶಕ್ತಿಗೆ ಸರಿಹೊಂದುತ್ತದೆ. ಚಿನ್ನ ನೀಲಿಯನ್ನು ನುಂಗುತ್ತದೆ, ಮಿಕ್ಕ ಬೆಳಕನ್ನು ವಾಪಸ್ ಕಳಿಸುತ್ತದೆ. ನೀಲಿ ಕಳೆದ ಬಿಳಿ ಬೆಳಕು ಹಳದಿ. ಬೆಳ್ಳಿಯಲ್ಲಿ ಆ ಅಂತರ ದೊಡ್ಡದು, ಅದು ನುಂಗುವುದು ಕಣ್ಣಿಗೆ ಕಾಣದ ಅತಿನೇರಳೆಯನ್ನು. ಬೆಳ್ಳಿ ಬೆರೆತಂತೆ ಚಿನ್ನದ ಆ ಅಂತರವೂ ಹಿಗ್ಗುತ್ತ ಹೋಗುತ್ತದೆ, ಹಳದಿ ತೆಳುವಾಗುತ್ತದೆ.

ಟುಟಾಂಖಾಮನ್ ಗೋರಿಯಲ್ಲಿ ನೇರಳೆ ಚಿನ್ನ ಸಿಕ್ಕಿತ್ತಂತೆ. ಎಲ್ಲಿಯ ಗಣಿ?

ಗಣಿಯ ಬಣ್ಣವಲ್ಲ, ಮಾಡಿದ ಬಣ್ಣ. ಈಜಿಪ್ಟಿನ ಆ ಹಳೆಯ ದೊರೆಯ ಗೋರಿಯಲ್ಲಿ ಬಟ್ಟೆಗೆ ಹೊಲಿದ ಪುಟ್ಟ ಬಿಲ್ಲೆಗಳು ಗುಲಾಬಿ ನೇರಳೆ. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ 1930ರ ದಶಕದಲ್ಲಿ ತಾನೇ ಮಾಡಿ ತೋರಿಸಿದ. ಒಂದಿಷ್ಟು ಕಬ್ಬಿಣ ಬೆರೆತ ಚಿನ್ನವನ್ನು ಹದವಾಗಿ ಕಾಯಿಸಿದರೆ ಮೇಲ್ಮೈಯಲ್ಲಿ ಅತಿ ತೆಳು ಪೊರೆ ಏಳುತ್ತದೆ. ನೀರಿನ ಮೇಲೆ ಬಿದ್ದ ಎಣ್ಣೆಯ ಹಾಗೆ ಆ ಪೊರೆ ಬಣ್ಣ ಕೊಡುತ್ತದೆ.

ಹಾಗಾದ್ರೆ ಚಿನ್ನ ನೋಡಿ ಅದರ ಊರು ಹೇಳೋಕೆ ಸಾಧ್ಯವೇ ಇಲ್ವಾ?

ಬಣ್ಣದಿಂದ ಇಲ್ಲ, ಪ್ರಯೋಗಾಲಯದಲ್ಲಿ ಕೆಲವು ಸಲ ಹೌದು. ತೂಕ ನೋಡುವುದು ಮೊದಲ ಹೆಜ್ಜೆ. ಅಪರಂಜಿ ನೀರಿಗಿಂತ 19.3 ಪಟ್ಟು ಭಾರ, ಶೇ. 20 ಬೆಳ್ಳಿ ಇದ್ದರೆ 16.5ಕ್ಕೆ ಇಳಿಯುತ್ತದೆ. ಆದರೆ ಇದು ಬೆಳ್ಳಿಯನ್ನಷ್ಟೇ ಹೇಳುತ್ತದೆ. ಊರು ಬೇಕಾದರೆ ಹತ್ತು ಲಕ್ಷದಲ್ಲಿ ಒಂದೆರಡು ಪಾಲು ಇರುವ ತವರ, ಪಾದರಸ, ಪಲೇಡಿಯಂ ಮುಂತಾದವನ್ನು ಎಣಿಸಬೇಕು. ಲೇಸರಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ ಸುಟ್ಟು ಆ ಹಬೆಯನ್ನು ಯಂತ್ರಕ್ಕೆ ಕಳಿಸುತ್ತಾರೆ. ಜರ್ಮನಿಯಲ್ಲಿ 1999ರಲ್ಲಿ ಸಿಕ್ಕ ನೆಬ್ರಾ ತಟ್ಟೆ ಎಂಬ ಪುರಾತನ ಕಂಚಿನ ತಟ್ಟೆಯ ಮೇಲಿನ ಚಿನ್ನದ ಸೂರ್ಯ ಚಂದ್ರ ನಕ್ಷತ್ರಗಳನ್ನು ಪ್ರಯೋಗಾಲಯದಲ್ಲಿ ನೋಡಿದಾಗ, ಬೆಳ್ಳಿ ಮತ್ತು ತವರದ ಪ್ರಮಾಣ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕಾರ್ನನ್ ಹೊಳೆಯ ಚಿನ್ನಕ್ಕೆ ತಾಳೆಯಾಯಿತು. ಇದು ಆದದ್ದು ಆ ಚಿನ್ನವನ್ನು ಯಾರೂ ಶುದ್ಧೀಕರಿಸಿರಲಿಲ್ಲ, ಬೇರೆ ಚಿನ್ನದ ಜೊತೆ ಕರಗಿಸಿರಲಿಲ್ಲ ಅನ್ನುವ ಕಾರಣಕ್ಕೆ.

ನಮ್ಮ ಮನೆ ಬಂಗಾರ ಯಾವ ಗಣಿಯದು ಅಂತ ತಿಳ್ಕೊಬಹುದಾ?

ಆಗುವುದಿಲ್ಲ. ನಮ್ಮಮ್ಮನ ಎರಡೆಳೆ ಸರವನ್ನು ತಾತನೇ ಮಾಡಿದ್ದು. ಅದಕ್ಕೆ ಮೂಸೆಗೆ ಬಿದ್ದದ್ದು ಮುತ್ತಜ್ಜಿಯ ಸವೆದ ಬಳೆ ಎರಡು, ತಿರುಪು ಕಳೆದ ಓಲೆ ಒಂದು, ರಾಜನ ತಲೆಯ ಸವರನ್ ಒಂದು, ಅಂಗಡಿಯಿಂದ ತಂದ ಗಟ್ಟಿ ಚೂರು. ಒಂದೊಂದಕ್ಕೂ ಮುಂಚೆ ಎಷ್ಟು ಮೂಸೆ ಕಂಡಿತ್ತೋ. ಬಿಳಿಗಾರ ಉದುರಿಸಿ ತಾತ ಊದುಗೊಳವೆ ಊದಿದರು, ಎಲ್ಲ ಸೇರಿ ಒಂದು ಗುಂಡಾಗಿ ತಿರುಗಿತು. ತಣ್ಣಗಾದ ಮೇಲೆ ಗಟ್ಟಿ ಸ್ವಲ್ಪ ಕೆಂಪಗೆ ಕಂಡಿತು. ಸವರನ್‌ನ ತಾಮ್ರ ಅಂದರು ತಾತ. ಅಮ್ಮನಿಗೆ ಅದು ಹಿಡಿಸಲಿಲ್ಲ, ಸ್ವಲ್ಪ ಬೆಳ್ಳಿ ಹಾಕಿ ಹಳದಿ ಮಾಡಿಕೊಡಿ ಅಂದಳು.